ಹಾಲು ತುಪ್ಪದ ದಿನದ ಟೀ

ನನ್ನ ಗಂಡ ತೀರಿಕೊಂಡ ಮೂರನೆಯ ದಿನ ಬೆಳಿಗ್ಗೆ ನಾನು ಅವರಿಗೆ ಟೀ ಕಾಸಿದೆ. ಹಾಲು ತುಪ್ಪ ಬಿಡುವ ದಿನ ಅದು. ನಮ್ಮ ಕಡೆ ಮಣ್ಣು ಮಾಡಿದ ಮೂರನೆಯ ದಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಹೋದವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆ ಎಲೆಯಲ್ಲಿ ಎಡೆ ಇಡುತ್ತೇವೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಒಂದು ಕ್ವಾರ್ಟರ್. ಇದರಲ್ಲಿ ಯಾರಿಗೂ ನಾಚಿಕೆಯಿಲ್ಲ. ನಮ್ಮವರಿಗೆ ಇಷ್ಟವಾಗಿದ್ದದ್ದು ಟೀ.

ನನಗೆ ಅಳು ಬಂದಿರಲಿಲ್ಲ. ಬಂದವರೆಲ್ಲ ನನ್ನ ಕಣ್ಣನ್ನೇ ನೋಡುತ್ತಿದ್ದರು, ಹೊಸ ಬೋರ್‌ವೆಲ್ಲಿನಲ್ಲಿ ನೀರು ಬಿತ್ತಾ ಎಂದು ನೋಡುವ ಹಾಗೆ. ಬಿದ್ದಿದ್ದರೆ ಅವರಿಗೂ ಸಮಾಧಾನ, ನನಗೂ ಸಮಾಧಾನ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಹೇಗಿರುತ್ತದೋ ಮೈಯೆಲ್ಲ ಹಾಗಿತ್ತು. ಮುಟ್ಟಿದರೆ ಇದೆ ಅಂತ ಗೊತ್ತು, ಆದರೆ ನನ್ನದಲ್ಲ. ಕೈ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಸೂತಕ ಅಂತ ಹಸು ಕೆಚ್ಚಲು ಕಟ್ಟಿಕೊಂಡು ನಿಲ್ಲುತ್ತದೆಯೇ? ಹಾಲು ಕರೆದೆ, ಪಕ್ಕದ ಮನೆಯವರು ಡೈರಿಗೆ ಹಾಕಿ ಬಂದರು.

ಅವರು ಲಾರಿ ಓಡಿಸುತ್ತಿದ್ದವರು. ವಕ್ಕಲೇರಿಯ ಹೊಲ ಮನೆ ನನ್ನ ಪಾಲಿಗೆ, ಮುಳಬಾಗಿಲು ದಾಟಿ ನಂಗಲಿಯ ಆಚೆಯ ರಸ್ತೆಯೆಲ್ಲ ಅವರ ಪಾಲಿಗೆ. ನಿಲ್ಲಿಸಿದ ಕಡೆಯೆಲ್ಲ ಟೀ, ಅದಕ್ಕೆ ಚಮಚ ನಿಲ್ಲುವಷ್ಟು ಸಕ್ಕರೆ. 'ಲಾರಿಗೆ ಡೀಸೆಲ್ಲು, ನಂಗೆ ಇದು' ಎನ್ನುತ್ತಿದ್ದರು. ಶುಗರ್ ಬಂದಿರುವುದು ಗೊತ್ತಾಗುವ ಹೊತ್ತಿಗೆ ಎಡಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಇನ್ನು ಬಾಯಿ ಕಟ್ಟದಿದ್ದರೆ ಮುಂದಿನ ಸಲ ಪಾದವೇ ಹೋಗುತ್ತದೆ ಎಂದು ಡಾಕ್ಟರು ನನ್ನ ಕಡೆ ತಿರುಗಿ ಹೇಳಿದರು. ಕಾಲು ಅವರದು, ಬೈಗುಳ ನನಗೆ. ಇರಲಿ, ಅವತ್ತಿನಿಂದ ಆ ಕಾಲಿಗೆ ನಾನು ಕಾವಲು ಕೂತೆ.

ಸಕ್ಕರೆಯಿಲ್ಲದ ಟೀಯನ್ನು ಅವರು ಕಷಾಯದ ಹಾಗೆ ಕುಡಿಯುತ್ತಿದ್ದರು. ಕುಡಿದು ಮುಖ ಗೋಡೆಯ ಕಡೆ ಮಾಡುತ್ತಿದ್ದರು. ಲಾರಿಯನ್ನೂ ಬಿಡಿಸಿ ಟೀಯನ್ನೂ ಹೀಗೆ ಮಾಡಿದರೆ ಮನುಷ್ಯನಿಗೆ ಇನ್ನೇನುಳಿಯಿತು ಎಂದು ನನಗೇ ಅನ್ನಿಸುತ್ತಿತ್ತು. ಆಗ ಹಿಪ್ಪುನೇರಳೆ ಬೆಳೆಯುವ ಪಕ್ಕದ ಹೊಲದವರು ಕೃಷಿ ಮೇಳದಿಂದ ಒಂದು ಸಸಿ ತಂದುಕೊಟ್ಟರು. ಸ್ಟೀವಿಯಾ ಅಂತೆ. ನಾವು ಸಿಹಿ ಎಲೆ ಎಂದೆವು. ನೋಡಲು ತುಳಸಿಯ ಬಡ ತಂಗಿ. ಒಂದೆಲೆ ಬಾಯಿಗೆ ಹಾಕಿಕೊಂಡರೆ ಅರ್ಧ ಗಂಟೆ ನಾಲಿಗೆ ಸಿಹಿ. ಡಾಕ್ಟರನ್ನು ಕೇಳಿದೆ. ಟೀಗೆ ಹಾಕಿಕೊಳ್ಳಲಿ, ಹಾಗಂತ ಮಿಕ್ಕ ಪಥ್ಯ ಬಿಡಬೇಡಿ ಎಂದರು. ಬಚ್ಚಲ ನೀರು ಹರಿಯುವ ಕಡೆ ಒಂದು ಸಾಲು ಬೆಳೆಸಿದೆ. ನೆರಳಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ಟೀ ಪುಡಿಯ ಜೊತೆಗೇ ಕುದಿಸಿ ಸೋಸಿಬಿಡುತ್ತಿದ್ದೆ. ಒಂದು ಚಿಟಿಕೆ ಸಾಕು, ಎರಡಾದರೆ ಕಹಿ.

ಮೊದಲ ದಿನ ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿ ನೋಡಿದರು.

'ಇದು ಸಿಹಿ ಅಲ್ಲ ಕಣೇ. ಸಿಹಿಗೆ ದೂರದ ನೆಂಟ.'

'ನೆಂಟ ಬಂದವ್ನೆ ಅಂತ ಖುಷಿಪಡಿ' ಎಂದೆ.

ಎರಡು ಪಾತ್ರೆ ಯಾರು ತೊಳೆಯುತ್ತಾರೆ ಎಂದು ನಾನೂ ಅದನ್ನೇ ಕುಡಿಯತೊಡಗಿದೆ. ಆಮೇಲಾಮೇಲೆ ಅವರೇ ಎಲೆ ಬಿಡಿಸಿ ಮೊರದಲ್ಲಿ ಹರಡುತ್ತಿದ್ದರು. ಹುಣ್ಣು ಮತ್ತೆ ಆಗಲಿಲ್ಲ, ಪಾದ ಉಳಿಯಿತು. ದಿನಾ ಸಂಜೆ ಅದನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳು ಬೆರಳಿನ ಸಂದು ನೋಡುತ್ತಿದ್ದೆ.

ಇದನ್ನು ಸಹಿಸದಿದ್ದವರೆಂದರೆ ಅವರ ಅಕ್ಕ. ಶ್ರೀನಿವಾಸಪುರಕ್ಕೆ ಕೊಟ್ಟ ಹೆಣ್ಣುಮಗಳು. ಮಾವಿನ ಕಾಲಕ್ಕೆ ತಮ್ಮನಿಗೆಂದು ಎರಡು ಬುಟ್ಟಿ ಹಣ್ಣು ಹೊರಿಸಿಕೊಂಡು ಬರುತ್ತಿದ್ದರು. ನಾನು ಒಂದು ಹೋಳು ಕೊಟ್ಟು ಉಳಿದದ್ದನ್ನು ಊರಿಗೆ ಹಂಚುತ್ತಿದ್ದೆ. 'ಮಾ ತಮ್ಮುಡಿಗೆ ಸೊಪ್ಪು ಹಾಕಿ ಸಾಕ್ತಾವಳೆ, ಮೇಕೆ ಸಾಕ್ದಂಗೆ' ಎಂದು ತೆಲುಗು ಬೆರೆಸಿ ಬೀದಿಯಲ್ಲಿ ನಿಂತು ಹೇಳಿ ಹೋಗುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. ನಾಳೆ ಕಾಲು ಹೋದರೆ ತಮ್ಮನನ್ನು ಅವರೇ ಬಂದು ಹೊರಲಿ ಎಂದು ಅದೇ ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದೆ.

ಕೊನೆಗೆ ಸಾವು ಕಾಲಿನಿಂದ ಬರಲಿಲ್ಲ. ಹಸುವಿಗೆ ಮೈ ತೊಳೆಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಕೋಲಾರ ಮುಟ್ಟುವ ಮೊದಲೇ ಆಯಿತು. ನಾನು ಮುಂಬಾಗಿಲಲ್ಲಿ ಕಾವಲು ಕೂತಿದ್ದೆ, ಅದು ಹಿತ್ತಿಲಿಂದ ಬಂತು.

ಹಾಲು ತುಪ್ಪದ ದಿನ ಹೊಲದ ಅಂಚಿನ ಗುಡ್ಡೆಯ ಹತ್ತಿರ ಎಲ್ಲರೂ ಸೇರಿದೆವು. ಎಡೆ ಇಟ್ಟೆವು: ಮುದ್ದೆ, ಹುರುಳಿ ಸಾರು, ವಡೆ, ಬಾಳೆಹಣ್ಣು, ಸ್ಟೀಲ್ ಲೋಟದಲ್ಲಿ ನಾನು ಕಾಸಿದ ಟೀ. ಎಡೆಗಿಡುವುದನ್ನು ಯಾರೂ ರುಚಿ ನೋಡುವ ಹಾಗಿಲ್ಲ, ನೋಡಿದರೆ ಎಂಜಲು. ದೂರ ಸರಿದು ಕಾಗೆಗೆ ಕಾದೆವು. ಮರದಲ್ಲಿ ಕಾಗೆಗಳಿದ್ದವು, ಇಳಿಯಲಿಲ್ಲ. ಹಾಗಾದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಲೆಕ್ಕ. ಒಬ್ಬೊಬ್ಬರೇ ಮುಂದೆ ಹೋಗಿ ಮಾತು ಕೊಡಬೇಕು. ಮಾಲೂರಿನಿಂದ ಬಂದಿದ್ದ ಮಗಳು ಹೋದಳು.

'ಅಪ್ಪಾ, ಅಮ್ಮನ್ನ ನಾನು ನೋಡ್ಕೊಳ್ತೀನಿ, ನೀನು ಯೋಚ್ನೆ ಮಾಡ್ಬೇಡ.'

ನಾನೇನು ಹಗ್ಗ ಬಿಚ್ಚಿಕೊಂಡ ಕರುವೇ ಎಂದುಕೊಂಡೆ. ಮೈದುನ ಹೋಗಿ ಹೊಲ ಮಾರುವುದಿಲ್ಲ ಎಂದ. ಕಾಗೆ ಜಗ್ಗಲಿಲ್ಲ.

ಆಗ ಅಕ್ಕ ನನ್ನ ಕಡೆ ತಿರುಗಿದರು. 'ಟೀಗೆ ಸಕ್ರೆ ಜಾಸ್ತಿ ಹಾಕಿದೀಯೇನಮ್ಮ? ಎಷ್ಟು ವರ್ಷ ಅದಕ್ಕೆ ಬಾಯಿ ಬಿಟ್ಟನೋ ಪಾಪ.'

ನೆನಪಿಸಿಕೊಂಡೆ. ಒಲೆಯ ಮೇಲೆ ಪಾತ್ರೆ, ಹಾಲು, ಟೀ ಪುಡಿ, ಒಂದು ಚಿಟಿಕೆ ಎಲೆ ಪುಡಿ. ಕೈ ತನ್ನ ಪಾಡಿಗೆ ಹಾಕಿತ್ತು. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ, ಹಾಕಿದೆ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳುವುದಕ್ಕೂ ಒಂದಿಷ್ಟು ಜೀವ ಬೇಕು.

'ಎಲೆ ಹಾಕಿದೀನಿ' ಎಂದೆ.

ಹಿಂದೆ ಯಾರೋ ಕಿಸಕ್ಕೆಂದರು. ಮಗಳು 'ಅಮ್ಮಾ' ಎಂದು ನನ್ನ ತೋಳು ಹಿಡಿದಳು. ಅಕ್ಕ ಬೀದಿಯಲ್ಲಿ ನಿಂತು ಬೈಯುವ ದನಿಯಲ್ಲಿ ಶುರು ಮಾಡುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಹಾಲಿಗೆಂದು ತಂದಿದ್ದ ಸಕ್ಕರೆ ಪೊಟ್ಟಣ ತೆಗೆದು ನನ್ನ ಅಂಗೈಗೆ ಇಟ್ಟರು.

'ಹೋಗು, ನೀನೇ ಹಾಕು. ಅವನ ಬಾಯಿ ಕಟ್ಟಿದೋಳು ನೀನು, ನೀನೇ ಬಿಚ್ಬೇಕು.'

ಗುಡ್ಡೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಟೀ ಆರಿ ಕೆನೆ ಕಟ್ಟಿತ್ತು. ಪೊಟ್ಟಣದಿಂದ ಒಂದು ಹಿಡಿ ತೆಗೆದು ಲೋಟದ ಮೇಲೆ ಹಿಡಿದೆ. ಮುಷ್ಟಿ ಬಿಚ್ಚಲಿಲ್ಲ. ಎಲ್ಲರೂ ಕಾಯುತ್ತಿದ್ದರು.

'ಹಾಕಮ್ಮ' ಎಂದರು ಅಕ್ಕ ಹಿಂದಿನಿಂದ.

'ಬೇಡ ಅಕ್ಕ' ಎಂದೆ. 'ಕಾಲು ಹೋಗುತ್ತೆ.'

ಹೇಳಿದ ಮೇಲೆ ನನಗೇ ಕೇಳಿಸಿತು. ಯಾರೂ ನಗಲಿಲ್ಲ. ಅಕ್ಕ ಬಂದು ನನ್ನ ಪಕ್ಕ ಮಣ್ಣಲ್ಲೇ ಕೂತರು, ನನ್ನ ಮುಷ್ಟಿಯ ಮೇಲೆ ಕೈ ಇಟ್ಟರು.

'ಇನ್ಯಾವ ಕಾಲು ಹೋಗುತ್ತಮ್ಮ' ಎಂದರು, ಮೆಲ್ಲಗೆ.

ಮುಷ್ಟಿ ಬಿಟ್ಟೆ. ಸಕ್ಕರೆ ಕೆನೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಮುಳುಗಿತು. ಅವರು ಸತ್ತಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ಅದುವರೆಗೂ ಬೇರೆಯವರು ಹೇಳಿದ್ದನ್ನು ಕೇಳಿಸಿಕೊಂಡಿದ್ದೆ, ಅಷ್ಟೆ. ಅಕ್ಕನ ತೊಡೆಯ ಮೇಲೆ ಬಿದ್ದು ಅತ್ತೆ. ಕಾಗೆ ಇಳಿದು ಎಡೆ ಮುಟ್ಟಿತು ಎಂದು ಮಗಳು ಹೇಳಿದಳು. ನಾನು ತಲೆ ಎತ್ತಿ ನೋಡಲಿಲ್ಲ.