ಬೂದಿಯ ಹಿಮ್ಮಡಿ ಕಾಯುವವಳು

ಬಕೆಟ್ಟಿನ ಬಿಸಿನೀರಿನಿಂದ ಹಬೆ ಏಳುತ್ತಿದೆ. ಲಾಯದ ಹೊರಗೆ ಇನ್ನೂ ನಸುಗತ್ತಲು. ಐವತ್ತು ದಾಟಿದ ಹೆಂಗಸೊಬ್ಬಳು ಮೊಣಕೈವರೆಗೆ ಆ ನೀರಿಗೆ ಕೈ ಇಳಿಸಿ, ಕಪ್ಪು ರಬ್ಬರಿನ ಎರಡು ಕವಚಗಳನ್ನು ಹಿಟ್ಟು ನಾದುವಂತೆ ನಾದುತ್ತಿದ್ದಾಳೆ. ನೋಡಲು ನಾಲಿಗೆಯಿಲ್ಲದ ಗಂಟೆಗಳ ಹಾಗಿವೆ. ಕುದುರೆಯ ಮುಂಗಾಲಿನ ಗೊರಸಿಗೆ ತೊಡಿಸುವ ಇವನ್ನು ಲಾಯದವರು ಬೆಲ್ ಬೂಟು ಎನ್ನುತ್ತಾರೆ.

"ತಣ್ಣಗಿದ್ರೆ ಇದು ಮುನಿಸಿಕೊಂಡ ನಾದಿನಿ ಇದ್ದಂಗೆ, ಎಷ್ಟು ಎಳೆದ್ರೂ ಬಗ್ಗಲ್ಲ. ಬಿಸಿನೀರು ಬಿದ್ರೆ ದಾರಿಗೆ ಬರತ್ತೆ," ಎನ್ನುತ್ತಾಳೆ. ಆಮೇಲೆ ತಲೆಯೆತ್ತಿ, ಲಾಯ ನೋಡಲು ಬಂದ ನನಗೆ, "ಅಜ್ಜಿ, ನೀವು ಆ ಹುಲ್ಲಿನ ಕಂತೆ ಮೇಲೆ ಕೂತ್ಕೊಳ್ಳಿ. ಇವಳ ಹಿಂದೆ ಮಾತ್ರ ನಿಲ್ಲಬೇಡಿ. ಇವತ್ತು ಇವಳಿಗೂ ಹೆದರಿಕೆ, ನನಗೂ ಹೆದರಿಕೆ."

ಇವಳೆಂದರೆ ಬೂದಿ, ಬೂದುಬಣ್ಣದ ಹೆಣ್ಣು ಕುದುರೆ. ಬೂಟು ನಾದುತ್ತಿರುವವಳನ್ನು ಲಾಯದಲ್ಲಿ ಎಲ್ಲರೂ ಗೊರಸಕ್ಕ ಎಂದೇ ಕರೆಯುತ್ತಾರೆ. ಹನ್ನೊಂದು ಕುದುರೆಗಳ ಮೈ ತಿಕ್ಕುವುದು, ಮೇವು ಹಾಕುವುದು, ಲದ್ದಿ ಎತ್ತುವುದು ಎಲ್ಲ ಈಕೆಯ ಕೆಲಸ. ಆದರೆ ಹೆಸರು ಬಂದಿರುವುದು ಕಾಲಿನ ಆರೈಕೆಯಿಂದ.

ಇಂದು ಬೂದಿ ಕ್ರಾಸ್ ಕಂಟ್ರಿ ಓಡಬೇಕು. ಬಯಲಿನಲ್ಲಿ ದಿಮ್ಮಿ, ಬೇಲಿ, ನೀರಿನ ಹೊಂಡ ಎಲ್ಲವನ್ನೂ ಹಾರುತ್ತ ಸಾಗುವ ಸ್ಪರ್ಧೆ ಅದು. ಹಾರಿ ಇಳಿದ ಕುದುರೆಯ ಮುಂಗಾಲು ಕೆಸರಿನಲ್ಲಿ ಒಂದಿಷ್ಟು ತಡೆದರೆ ಸಾಕು, ಹಿಂದಿನಿಂದ ನುಗ್ಗಿ ಬರುವ ಅದರದೇ ಹಿಂಗಾಲು ಹಿಮ್ಮಡಿಗೆ ಅಪ್ಪಳಿಸುತ್ತದೆ. ಅಪ್ಪಳಿಸುವುದು ಲಾಳದ ಕಬ್ಬಿಣ, ತಾಗುವುದು ಮೆತ್ತನೆಯ ಮಾಂಸಕ್ಕೆ. ಹೋದ ವರ್ಷ ಹೀಗೇ ಆಯಿತು. ಆಗ ಹಾಕಿದ್ದದ್ದು ಪಟ್ಟಿ ಅಂಟಿಸುವ ಬೂಟು. ಹೊಂಡದ ನೀರಿಗೆ ಪಟ್ಟಿ ಬಿಚ್ಚಿಕೊಂಡಿತು. ಮುಂದಿನ ದಿಮ್ಮಿಯಾಚೆ ಬೂದಿಯ ಎಡ ಹಿಮ್ಮಡಿ ಬಾಯಿ ಬಿಟ್ಟಿತು. ಗಾಯ ಮಾಯಲು ಇಡೀ ಮಳೆಗಾಲ ಹಿಡಿಯಿತು.

"ಯಜಮಾನರು ಆವತ್ತೇ ಹೇಳಿಬಿಟ್ರು, ಇನ್ನೊಂದು ಸಲ ಹಿಮ್ಮಡಿ ಸೀಳಿದ್ರೆ ಮಾರಿಬಿಡ್ತೀನಿ ಅಂತ. ಕುಂಟೋ ಕುದುರೇನ ಯಾರು ತಗೋತಾರೆ, ಯಾಕೆ ತಗೋತಾರೆ ಅಂತ ನನಗೆ ಗೊತ್ತಿಲ್ವಾ?" ಗೊರಸಕ್ಕ ಬೂದಿಯ ಕಾಲನ್ನು ಎತ್ತಿ ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಳ್ಳುತ್ತಾಳೆ. ಬೂಟನ್ನು ಒಳಗು ಹೊರಗು ಮಾಡಿ, ಗೊರಸಿನ ತುದಿಗೆ ಸಿಕ್ಕಿಸಿ, ಹಲ್ಲು ಕಚ್ಚಿ ಎಳೆಯುತ್ತಾಳೆ. ರಬ್ಬರ್ ಪಟ್ಟೆಂದು ಒಳಸೇರುತ್ತದೆ. ಮಡಚಿದ ಅಂಚನ್ನು ಕೆಳಗೆ ಬಿಡಿಸುತ್ತಾಳೆ. ಎಡ ಹಿಮ್ಮಡಿಯ ಹಳೆಯ ಗಾಯದ ಗೆರೆ ಮರೆಯಾಗುತ್ತದೆ.

ಬೂದಿ ಹುಟ್ಟಿದ್ದೂ ಈಕೆಯ ಕೈಗೇ. ತಾಯಿ ಕುದುರೆ ಹೆರಲಾರದೆ ಒದ್ದಾಡಿದಾಗ ಮರಿಯ ಮುಂಗಾಲು ಹಿಡಿದು ಎಳೆದವಳು ಗೊರಸಕ್ಕ. "ಮೊದಲು ಕೈಗೆ ಸಿಕ್ಕಿದ್ದೇ ಈ ಎರಡು ಕಾಲು," ಎಂದು ನಗುತ್ತಾಳೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಲಾಳ ಕಟ್ಟುವವನು ಗೊರಸಕ್ಕನ ಗಂಡ. ತನ್ನ ಚೀಲ ಹೊತ್ತು ಬಂದು, ಬೂದಿಯ ಕಾಲು ನೋಡಿ ನಿಲ್ಲುತ್ತಾನೆ.

"ಏನೇ ಇದು, ಲಂಗ ಉಡಿಸಿದ್ದೀಯಾ?"

"ಸುಮ್ನಿರಿ. ಒಂದು ಅಳತೆ ದೊಡ್ಡದು ತಂದಿದ್ದೀನಿ. ಹಿಮ್ಮಡಿ ಪೂರ್ತಿ ಮುಚ್ಚಲಿ ಅಂತ."

"ಹಿಮ್ಮಡಿ ಮುಚ್ಚಿದೆ, ಸರಿ. ನೆಲಾನೂ ಗುಡಿಸ್ತಾ ಇದೆಯಲ್ಲೇ. ಅಂಚು ನೆಲ ಮುಟ್ಟಬಾರದು, ಒಂದು ಬೆರಳು ಮೇಲಿರ್ಬೇಕು ಅಂತ ಊರಿಗೆಲ್ಲ ಪಾಠ ಹೇಳೋಳು ನೀನೇ."

"ಹೋದ ಸಲ ಅಳತೆಗೆ ಸರಿಯಾಗೇ ಇತ್ತಲ್ಲ, ಏನಾಯ್ತು? ನಿಮ್ಮ ಲಾಳ ನೋಡ್ಕೊಳ್ಳಿ, ಹೋಗಿ."

ಗಂಡ ಬೂದಿಯ ಕಾಲಬಳಿ ಕೂರುತ್ತಾನೆ. ಕೆಸರಲ್ಲಿ ಜಾರದಿರಲೆಂದು ಲಾಳಗಳಿಗೆ ತಿರುಪಿನ ಮೊಳೆ ಬಿಗಿದು ಎದ್ದುಹೋಗುತ್ತಾನೆ. ಗೊರಸಕ್ಕ ಬೂದಿಯ ಸುತ್ತ ಮತ್ತೊಂದು ಸುತ್ತು ಬರುತ್ತಾಳೆ. ಅಂಚು ನೆಲಕ್ಕೆ ತಾಗಿರುವುದು ಹುಲ್ಲಿನ ಕಂತೆಯ ಮೇಲಿಂದಲೂ ಕಾಣುತ್ತಿದೆ. ಈಕೆಯ ಕಣ್ಣು ಮಾತ್ರ ಹಳೆಯ ಗಾಯವಿದ್ದ ಜಾಗವನ್ನು ಬಿಟ್ಟು ಕದಲುವುದಿಲ್ಲ.

ಬಿಸಿಲು ಏರುವ ಹೊತ್ತಿಗೆ ಎಲ್ಲರೂ ಸ್ಪರ್ಧೆಯ ಬಯಲಿನಲ್ಲಿದ್ದಾರೆ. ಓಟಕ್ಕೆ ಮುಂಚೆ ಕುದುರೆಯ ಮೈ ಬಿಸಿಯಾಗಲೆಂದು ಒಂದು ಚಿಕ್ಕ ಬೇಲಿ ಹಾಕಿದ್ದಾರೆ. ಯಜಮಾನರ ಮಗಳೇ ಸವಾರಳು. ಅವಳು ಬೂದಿಯನ್ನು ಅತ್ತ ತಿರುಗಿಸುತ್ತಾಳೆ. ಬೂದಿ ಹಾರುತ್ತದೆ, ಇಳಿಯುತ್ತದೆ, ಇಳಿದ ಕಾಲನ್ನು ಎತ್ತಲಾಗದೆ ಮುಗ್ಗರಿಸುತ್ತದೆ. ಮೂತಿ ಹುಲ್ಲಿಗೆ ತಾಗುತ್ತದೆ. ಸವಾರಳು ಕುದುರೆಯ ಕುತ್ತಿಗೆಗೆ ಜೋತುಬಿದ್ದು, ಹೇಗೋ ಸಾವರಿಸಿಕೊಂಡು ಬರುತ್ತಾಳೆ. ಮುಖ ಬಿಳಿಚಿಕೊಂಡಿದೆ.

"ಯಾರೋ ಕಾಲು ಹಿಡಿದು ಎಳೆದ ಹಾಗಾಯ್ತು ಅಕ್ಕ."

ಗೊರಸಕ್ಕ ಬಗ್ಗಿ ನೋಡುತ್ತಾಳೆ. ಎಡ ಬೂಟಿನ ಅಂಚಿನ ಮೇಲೆ ಅರ್ಧಚಂದ್ರದ ಕೆಸರಿನ ಅಚ್ಚು. ಬೂದಿಯ ಹಿಂಗಾಲು ಅಲ್ಲಿ ತುಳಿದಿದೆ. ದೊಡ್ಡ ದಿಮ್ಮಿಯಾಚೆ ಹೀಗೆ ತುಳಿದಿದ್ದರೆ ಕುದುರೆಯೂ ಹುಡುಗಿಯೂ ಒಟ್ಟಿಗೆ ಉರುಳುತ್ತಿದ್ದರು.

"ರೀ!" ಎಂದು ಕೂಗುತ್ತಾಳೆ. ಗಂಡ ಆಗಲೇ ಚೀಲ ಬಿಚ್ಚುತ್ತಿದ್ದಾನೆ.

ಬೇರೆ ಜೊತೆ ಲಾಯದಲ್ಲಿದೆ. ತರಲು ಹೊತ್ತಿಲ್ಲ, ಬಾವುಟ ಹಿಡಿದವನು ಬೂದಿಯ ಸರದಿ ಎಂದು ಕೂಗುತ್ತಿದ್ದಾನೆ. ಬರಿಗಾಲಲ್ಲಿ ಬಿಟ್ಟರೆ ಹಿಮ್ಮಡಿಗೆ ದಿಕ್ಕಿಲ್ಲ. ಉಳಿದದ್ದು ಕತ್ತರಿಸುವುದೊಂದೇ. ಆದರೆ ಕತ್ತರಿಸಿದ ರಬ್ಬರಿನಲ್ಲಿ ಒಂದು ಸಣ್ಣ ಕಚ್ಚು ಉಳಿದರೂ ಸಾಕು, ಓಡುವಾಗ ಅಲ್ಲಿಂದಲೇ ಹರಿದು ಮೇಲಕ್ಕೇರುತ್ತದೆ.

ಗೊರಸಕ್ಕ ಗೊರಸು ಕೆತ್ತುವ ಬಾಗಿದ ಚಾಕು ತೆಗೆದುಕೊಳ್ಳುತ್ತಾಳೆ. ಒಮ್ಮೆ ಉಸಿರು ಬಿಟ್ಟು, ಅಂಚಿನಿಂದ ಬೆರಳಗಲದ ಪಟ್ಟಿಯನ್ನು ಎಲ್ಲೂ ನಿಲ್ಲಿಸದೆ ಒಂದೇ ಎಳೆತಕ್ಕೆ ಸುತ್ತ ಕೊಯ್ಯುತ್ತಾಳೆ. ಹಿಂದೆಯೇ ಗಂಡ ಸಣ್ಣ ಅರದಿಂದ ಕೊಯ್ದ ಅಂಚನ್ನು ತಿಕ್ಕಿ ನುಣುಪು ಮಾಡುತ್ತಾನೆ. ಆಮೇಲೆ ಬಲಗಾಲು.

"ಬೈಯ್ರಿ ಒಂದ್ಸಲ. ಬೆಳಿಗ್ಗೆಯಿಂದ ಬಾಯಿ ಕಟ್ಕೊಂಡಿದ್ದೀರಿ."

"ಈಗ ಬೇಡ. ಮನೆಗೆ ಹೋಗಿ, ಊಟ ಆದ್ಮೇಲೆ, ಆರಾಮಾಗಿ ಬೈತೀನಿ."

ಬೂದಿ ಓಡುತ್ತದೆ. ಮರಗಳ ಸಾಲು ದಾಟಿದ ಮೇಲೆ ಏನೂ ಕಾಣುವುದಿಲ್ಲ. ಗೊರಸಕ್ಕ ನೀರಿನ ಬಕೆಟ್ಟು ಹೊತ್ತು ಓಟ ಮುಗಿಯುವ ಜಾಗಕ್ಕೆ ಹೋಗಿ ನಿಲ್ಲುತ್ತಾಳೆ. ಇನ್ನು ಧ್ವನಿವರ್ಧಕವೇ ಕಣ್ಣು. ದಿಮ್ಮಿ ದಾಟಿತು ಎನ್ನುತ್ತದೆ. ಜೋಡಿ ಬೇಲಿ ದಾಟಿತು ಎನ್ನುತ್ತದೆ. ನೀರಿನ ಹೊಂಡದ ಹತ್ತಿರ ಬರುತ್ತಿದೆ ಎಂದ ಕೂಡಲೇ ಅದರಲ್ಲಿ ಕೂಗುವವನು ಇನ್ನೊಂದು ಕುದುರೆಯ ವಿಷಯ ಹಿಡಿದು ಕೂರುತ್ತಾನೆ.

"ಅಯ್ಯೋ, ಇವನ ಬಾಯಿಗಿಷ್ಟು ಮಣ್ಣು ಹಾಕ. ಹೊಂಡ ದಾಟಿದ್ಲಾ ಹೇಳೋ!" ಗೊರಸಕ್ಕ ಕೈಯಲ್ಲಿದ್ದ ಸ್ಪಂಜನ್ನು ಹಿಂಡುತ್ತಾಳೆ. ಅದರಲ್ಲಿ ಹಿಂಡಲು ನೀರೇ ಉಳಿದಿಲ್ಲ. ಗಂಡ ಪಕ್ಕದಲ್ಲಿ ನಿಂತು ಅರದ ಹಿಡಿಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದಾನೆ.

ಮೊದಲು ಗೊರಸಿನ ಸದ್ದು. ಆಮೇಲೆ ಮರಗಳ ನಡುವೆ ಬೂದುಬಣ್ಣ. ಹುಡುಗಿ ನಗುತ್ತಿದ್ದಾಳೆ. ಗೊರಸಕ್ಕ ಆ ನಗುವನ್ನು ನೋಡುವುದಿಲ್ಲ. ಕುದುರೆ ನಿಲ್ಲುವ ಮುಂಚೆಯೇ ಮಂಡಿಯೂರಿ ಕೆಸರಿನಲ್ಲಿ ಕೂತಿದ್ದಾಳೆ. ಎಡ ಬೂಟಿನ ಹಿಂಭಾಗದಲ್ಲಿ ಲಾಳದ ಏಟಿಗೆ ಆಳವಾದ ಸೀಳು ಬಿದ್ದಿದೆ. ನೀರು ಸುರಿದು, ಬೂಟು ಮಡಚಿ, ಬೆರಳಿನಿಂದ ಒಳಗೆ ಸವರುತ್ತಾಳೆ. ಬೆರಳನ್ನು ಬಿಸಿಲಿಗೆ ಹಿಡಿದು ನೋಡುತ್ತಾಳೆ. ಕೆಸರಷ್ಟೇ, ಕೆಂಪಿಲ್ಲ.

"ಇದೆ," ಎನ್ನುತ್ತಾಳೆ ಗಂಡನ ಕಡೆ ತಿರುಗಿ. "ಹಿಮ್ಮಡಿ ಇದ್ದ ಹಾಗೇ ಇದೆ."

ಯಜಮಾನರು ಬಂದು ಬೂದಿಯ ಕುತ್ತಿಗೆ ತಟ್ಟುತ್ತಾರೆ. "ಪರವಾಗಿಲ್ಲ ಕಣಮ್ಮ, ಗಟ್ಟಿಯಾಗಿದ್ದಾಳೆ. ಮುಂದಿನ ಸ್ಪರ್ಧೆಗೂ ಇವಳೇ ಇರಲಿ." ಗೊರಸಕ್ಕ ತಲೆಯಾಡಿಸುತ್ತಾಳೆ. ಬೂದಿ ಉಳಿಯಿತು ಎಂಬ ಸಮಾಧಾನದ ಬೆನ್ನಿಗೇ ಮುಂದಿನ ಸ್ಪರ್ಧೆಯ ದಿಗಿಲು ಹತ್ತಿರುವುದು ಮುಖದಲ್ಲೇ ಕಾಣುತ್ತದೆ.

ಸಂಜೆ ಲಾಯದಲ್ಲಿ, ಸೀಳಿದ ಬೂಟನ್ನು ಮೊಳೆಗೆ ನೇತುಹಾಕುತ್ತಿದ್ದವಳನ್ನು ಏನಾದರೂ ಆಸೆ ಉಂಟೇ ಎಂದು ಕೇಳಿದೆ. ಈ ಕೆಲಸದಲ್ಲೇ ತಲೆ ನರೆತಿದೆ. ಆದರೂ ಸ್ಪರ್ಧೆಯ ಓಟದಲ್ಲಿ ಕುದುರೆ ದಿಮ್ಮಿ, ಹೊಂಡ ಹಾರುವುದನ್ನು ಈಕೆ ಒಮ್ಮೆಯೂ ಕಂಡಿಲ್ಲ. ಹೊರಡುವಲ್ಲಿ ಬಿಟ್ಟು, ಮುಗಿಯುವಲ್ಲಿ ಕಾಯಬೇಕು. ಹಾರುವುದೆಲ್ಲ ನಡುವೆ, ಮರಗಳ ಆಚೆ.

"ಒಂದು ಸಲ ಆ ನೀರಿನ ಹೊಂಡದ ಪಕ್ಕ ನಿಂತು ಕಣ್ಣಾರೆ ನೋಡ್ಬೇಕು ಅಜ್ಜಿ," ಎಂದಳು. ಬೂದಿಯ ಎಡಗಾಲನ್ನು ಮತ್ತೆ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯನ್ನು ಹೆಬ್ಬೆರಳಿನಿಂದ ನೀವಿದಳು. "ಆದ್ರೆ ಇವಳು ಓಡೋ ದಿನ ಬೇಡ. ಬೇರೆ ಯಾರದಾದ್ರೂ ಕುದುರೆ ಇರ್ಲಿ."