ಮಗಳ ಚಾರ್ಟ್ ನಾನು ಬರೆಯುತ್ತಿದ್ದಾಗ

ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲೇ ನಾನು ರವಿಕೆ, ಲಂಗ ಹೊಲಿಯುತ್ತೇನೆ. ಯಜಮಾನರು ಗದ್ದೆ ನೋಡಿಕೊಳ್ಳುತ್ತಾರೆ. ನಮಗೆ ಒಬ್ಬಳೇ ಮಗಳು. ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ, ಆದರೆ ಅಕ್ಷರ ದುಂಡಗೆ, ಚಿತ್ರವೂ ಅಚ್ಚುಕಟ್ಟು. ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಚಾರ್ಟ್ ಮಾಡಿ ತರಲು ಹೇಳಿದರೆ ಅವಳು ಹಾಳೆ ತರುತ್ತಿದ್ದಳು, ನಾನು ಬರೆಯುತ್ತಿದ್ದೆ. ಭಾರತದ ನಕ್ಷೆ, ಹೃದಯದ ಚಿತ್ರ, ಎಲ್ಲ ನನ್ನದೇ. ಅವು ಶಾಲೆಯ ಗೋಡೆಯ ಮೇಲೆ ತೂಗುತ್ತಿದ್ದವು. ಮಗಳಿಗೆ ಬೆಂಬಲವಾಗಿದ್ದೇನೆ ಎಂಬ ಹೆಮ್ಮೆ ನನಗಿತ್ತು.

ಒಂದು ಶನಿವಾರ ಪೋಷಕರ ಸಭೆಗೆ ಹೋದಾಗ ಸಮಾಜ ವಿಜ್ಞಾನದ ಮೇಡಂ ಮಗಳ ಉತ್ತರಪತ್ರಿಕೆ ಮುಂದಿಟ್ಟರು. ನಕ್ಷೆ ಬರೆಯಬೇಕಾದ ಜಾಗದಲ್ಲಿ ಒಂದೇ ಒಂದು ಗೆರೆ ಇತ್ತು.

"ಗೋಡೆ ಮೇಲೆ ಅಷ್ಟು ಚೆನ್ನಾಗಿ ಬರ್ದಿರೋಳು ಇಲ್ಲಿ ಯಾಕೆ ಖಾಲಿ ಬಿಟ್ಟವಳೆ?" ಎಂದು ಕೇಳಿದರು.

ಮಗಳು ನೆಲ ನೋಡಿದಳು.

"ಅದೆಲ್ಲ ನಾನೇ ಬರ್ದಿದ್ದು ಕಣ್ರೀ ಮೇಡಂ," ಎಂದೆ.

ಅವರು ಬೈಯಲಿಲ್ಲ. "ನಿಮ್ಮತ್ರ ಹೊಲಿಗೆ ಕಲಿಯಕ್ಕೆ ಹೆಣ್ಮಕ್ಕಳು ಬತ್ತಾರಂತಲ್ಲ, ಅವ್ರಿಗೆ ಹೆಂಗೆ ಕಲಿಸ್ತೀರಿ?"

"ಹಳೇ ಬಟ್ಟೆ ಕೊಟ್ಟು ಅವ್ರ ಕೈಲೇ ಹೊಲಿಸ್ತೀನಿ. ಸೊಟ್ಟ ಆದ್ರೆ ಬಿಚ್ಚಿ ಇನ್ನೊಂದ್ಸಲ," ಎಂದವಳ ಕಣ್ಣು ಮತ್ತೆ ಆ ಖಾಲಿ ಜಾಗಕ್ಕೆ ಹೋಯಿತು.

ದಾರಿಯಲ್ಲಿ ಮಗಳು ಮೆಲ್ಲಗೆ ಅಂದಳು: "ನಾನು ಬರೆದ್ರೆ ಚೆನ್ನಾಗಿರಲ್ಲ ಅಂತ್ಲೇ ನೀನು ಬರ್ಕೊಡ್ತಿದ್ದೀಯ ಅನ್ಕೊಂಡಿದ್ದೆ ಕಣವ್ವ."

ನನಗೆ ಅಂಕ ಹೋದದ್ದಕ್ಕಿಂತ ಆ ಮಾತು ಹೆಚ್ಚು ನೋವು ಕೊಟ್ಟಿತು.

ಮುಂದಿನ ಚಾರ್ಟು ನಮ್ಮ ಮೈಸೂರು ಜಿಲ್ಲೆಯ ನದಿಗಳದ್ದು. ಈ ಸಲ ಪೆನ್ಸಿಲ್ ಅವಳ ಕೈಗೇ ಕೊಟ್ಟು, ನಾನು ಪಕ್ಕದಲ್ಲಿ ರವಿಕೆಗೆ ಹುಕ್ಕು ಹಾಕುತ್ತಾ ಕೂತೆ. ಅವಳು ಎಳೆದಳು, ಅಳಿಸಿದಳು, ಮತ್ತೆ ಎಳೆದಳು. ಕಾವೇರಿ ಕೆ.ಆರ್. ನಗರ ಬಿಟ್ಟು ಎಲ್ಲೋ ಹೊರಟಿತ್ತು. ಕಸಿದುಕೊಂಡು ಸರಿಮಾಡೋಣ ಎಂದು ಕೈ ತವಕಿಸುತ್ತಿತ್ತು. ಆದರೂ ಹಿಡಿದ ಸೂಜಿ ಬಿಡಲಿಲ್ಲ.

"ಅವ್ವ, ಇದು ಸರಿಯಾ?"

"ಪುಸ್ತಕ ನೋಡಿ ನೀನೇ ಹೇಳು."

ನೋಡಿದಳು. ತಪ್ಪು ಅವಳಿಗೇ ಕಂಡಿತು. ಆಮೇಲೆ, "ನಮ್ಮೂರ ಲಕ್ಷ್ಮಣತೀರ್ಥ ಎಲ್ಲೋಗಿ ಕಾವೇರಿ ಸೇರ್ತದೆ?" ಎಂದಳು. ದಿನಾ ಆ ಹೊಳೆ ನೋಡುವ ನನಗೇ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ ಯಜಮಾನರು, "ಸಾಗರಕಟ್ಟೆ ತಾವ ಸೇರ್ತದೆ ಕಣವ್ವ. ಭಾನ್ವಾರ ಕರ್ಕೊಂಡೋಗಿ ತೋರುಸ್ತೀನಿ ಬುಡು," ಎಂದರು. ಮಗಳ ಓದಿನ ವಿಷಯದಲ್ಲಿ ಅವರು ಬಾಯಿ ಹಾಕಿದ್ದು ಅದೇ ಮೊದಲು. ಹೇಳಿದಂತೆ ಬೈಕಿನಲ್ಲಿ ಕರೆದುಕೊಂಡು ಹೋದರು. ವಾಪಸ್ ಬಂದವಳು ಪುಸ್ತಕ ತೆರೆಯದೆ ಆ ಜಾಗ ಗುರುತಿಸಿದಳು.

ಚಾರ್ಟು ಸುಂದರವೇನೂ ಆಗಲಿಲ್ಲ. ಅಕ್ಷರಗಳು ಮೇಲೆ ಕೆಳಗೆ ಓಡುತ್ತಿದ್ದವು, ಎಚ್.ಡಿ. ಕೋಟೆಯ ಚುಕ್ಕಿ ಮೈಸೂರಿನ ಚುಕ್ಕಿಗಿಂತ ದೊಡ್ಡದಾಗಿತ್ತು. ಆದರೂ ಮೇಡಂ ಅದನ್ನು ಗೋಡೆಗೆ ಹಾಕಿಸಿದರು. ಮುಂದಿನ ಪರೀಕ್ಷೆಯಲ್ಲಿ ನಕ್ಷೆಯ ಜಾಗ ಖಾಲಿ ಇರಲಿಲ್ಲ. ಐದಕ್ಕೆ ಮೂರು ಬಂತು. ಅದು ಪೂರ್ತಿ ಅವಳದೇ.

ಈಗ ಅವಳು ಒಂಬತ್ತನೇ ಕ್ಲಾಸು. ಅವಳ ಗಣಿತ ನನಗೆ ಅರ್ಥವಾಗುವುದಿಲ್ಲ, ಅದಕ್ಕಾಗಿ ನಾನು ಹೆದರುವುದೂ ಇಲ್ಲ. ಸಂಜೆ ಟಿವಿ ಹಾಕದೆ ಅವಳ ಜೊತೆ ಕೂರುತ್ತೇನೆ, ಇವತ್ತು ಯಾವುದು ತಿಳೀಲಿಲ್ಲ ಎಂದು ಕೇಳುತ್ತೇನೆ. ಕಳೆದ ವಾರ ಬೀಜಗಣಿತದ ಒಂದು ಲೆಕ್ಕ ಸಿಕ್ಕಿಕೊಂಡಿತ್ತು. ಮಾರನೇ ಬೆಳಿಗ್ಗೆ ಅವಳು ಅರ್ಧ ಗಂಟೆ ಮುಂಚೆಯೇ ಚೀಲ ಹೆಗಲಿಗೇರಿಸಿದಳು.

"ಇಷ್ಟು ಬೇಗ ಯಾಕವ್ವ?" ಎಂದರು ಯಜಮಾನರು.

"ಸರ್‌ನ ಕೇಳ್ಬೇಕು ಕಣಪ್ಪ," ಎಂದು ಚಪ್ಪಲಿ ಮೆಟ್ಟಿ ಹೊರಟಳು. ನಾನು ಬುತ್ತಿ ಕೈಗೆ ಕೊಟ್ಟು ಬಂದು ಮೆಷಿನ್ ಮುಂದೆ ಕೂತೆ.