ವೈನಿ ಇಳಿಯದ ಏರು

ಅರವತ್ತರ ದಶಕದಲ್ಲಿ ಧಾರವಾಡದ ನಮ್ಮ ಮನೆಯ ನೆಮ್ಮದಿ ಒಂದು ಏರಿನ ಮೇಲೆ ನಿಂತಿತ್ತು. ಅದು ಅಮ್ಮಿನಬಾವಿಯ ದಾರಿಯಲ್ಲಿತ್ತು. ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿಯ ತವರೂ ಅಮ್ಮಿನಬಾವಿಯಲ್ಲೇ ಇತ್ತು. ಅಣ್ಣನ ಮೋಟಾರ್ ಸೈಕಲ್ಲು ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ನಿವೃತ್ತಿಯಾಗಿದ್ದುದರಿಂದ ಏರು ಕಂಡೊಡನೆ ಉಬ್ಬಸಪಡುತ್ತಿತ್ತು. ವೈನಿ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆಯಬೇಕು. ಗಾಡಿಗಿಂತ ಮೊದಲು ಅವಳೇ ಮೇಲೆ ಮುಟ್ಟುತ್ತಿದ್ದಳು.

ಆ ವರ್ಷ ಶ್ರಾವಣಕ್ಕೆ ಮುಂಚೆ ಅವಳು ನಿರ್ಣಯ ಮಂಡಿಸಿದಳು: “ಈ ನಾಗರ ಪಂಚಮಿಗೆ ತವರಿಗೆ ಹೋಗೂ ಮುಂದ ನನ್ನ ಏರಿನ್ಯಾಗ ಇಳಿಸಿದ್ರಿ ಅಂದ್ರ, ಮುಂದ ನಾ ಬಸ್ಸಿಗೇ ಹೋಗಾಕಿ. ನೀವು, ನಿಮ್ಮ ಗಾಡಿ ಮನ್ಯಾಗ ಕೂಡ್ರಿ.”

ಹೆಂಡತಿ ಒಬ್ಬಳೇ ಬಸ್ಸಿಳಿಯುವುದನ್ನು ಮಾವನ ಊರು ನೋಡಿದರೆ ಅಳಿಯತನದಲ್ಲಿ ಉಳಿಯುವುದೇನು? ಅಣ್ಣ ಊಟ ಕಡಿಮೆ ಮಾಡಿದ. ಅಷ್ಟರಲ್ಲಿ ರದ್ದಿ ಅಂಗಡಿಯ ವಿಮಾನದ ಪತ್ರಿಕೆಯೊಂದರಲ್ಲಿ ಅವನಿಗೆ ಟರ್ಬೊ ದರ್ಶನವಾಯಿತು.

“ಎಂಜಿನ್ ಬಿಡೋ ಹೊಗಿಯಿಂದ ಒಂದು ಫ್ಯಾನ್ ತಿರಗತದ. ಅದು ಇನ್ನೊಂದು ಫ್ಯಾನ್ ತಿರಗಸಿ ಎಂಜಿನ್ನಿಗೇ ಗಾಳಿ ತುರಕತದ,” ಎಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಉಪನ್ಯಾಸ ಕೊಟ್ಟ.

“ಅಂದ್ರ ಸಾಕಂದವರಿಗೆ ಮತ್ತ ಹೋಳಿಗಿ ಬಡಸೋದು,” ಎಂದಳು ವೈನಿ, ರೊಟ್ಟಿ ಬಡಿಯುತ್ತ.

“ಖರೇ. ಎಂಜಿನ್ನಿಗೂ ಆಗ್ರಹ ಮಾಡಿ ಬಡಸಬೇಕು.”

ಹಿತ್ತಲು ಕಾರ್ಖಾನೆಯಾಯಿತು. ಹೊಗೆಯ ಫ್ಯಾನನ್ನು ಅಣ್ಣನೇ ತಗಡಿನಲ್ಲಿ ಕತ್ತರಿಸಿದ. ಗಾಳಿಯ ಫ್ಯಾನಿಗೆ, ಹುಬ್ಬಳ್ಳಿಯಲ್ಲಿ ಖಾರದ ಪುಡಿ ಕುಟ್ಟುವ ಗಿರಣಿ ಮುಚ್ಚಿದ್ದ ಗೆಳೆಯನೊಬ್ಬ ತನ್ನ ಹಳೇ ಬ್ಲೋವರ್ ದಾನ ಮಾಡಿದ. ಅಣ್ಣ ಹೊರಗೆಲ್ಲ ಎಣ್ಣೆ ಹಚ್ಚಿ ಹೊಳೆಯಿಸಿದ. ಒಳಗಿನ ಕೆಂಪನ್ನು ತುಕ್ಕೆಂದು ತೀರ್ಮಾನಿಸಿದ. ಎಲ್ಲವನ್ನೂ ಸೈಕಲ್ ಟ್ಯೂಬಿನ ತುಂಡುಗಳಿಂದ ಬಿಗಿದು, ಕುಂಕುಮ ಹಚ್ಚಿ, ಕಾಯಿ ಒಡೆದ.

ಪಂಚಮಿಯ ಮುಂಜಾನೆ ಸಿಹಿ ಉಂಡಿಯ ಡಬ್ಬಿ ಹಿಡಿದು ವೈನಿ ಹಿಂದೆ ಕೂತಳು. ಅವಳು ಇಳಿಯುವಳೋ ಇಲ್ಲವೋ ಎಂಬುದಕ್ಕೆ ನೇಮಕಗೊಂಡ ಸಾಕ್ಷಿಯಾಗಿ ನಾನು ಅವರ ಹಿಂದೆಯೇ ಹೊರಟ ಬಸ್ಸಿನಲ್ಲಿ, ಡ್ರೈವರನ ಬೆನ್ನಿಗೇ ಕೂತಿದ್ದೆ.

ಅರ್ಧ ಏರನ್ನು ಗಾಡಿ ಗುಡುಗುತ್ತ ಹತ್ತಿತು. ನನ್ನ ಕಣ್ಣಲ್ಲಿ ನೀರು ಬಂತು, ಹೆಮ್ಮೆ ಎಂದುಕೊಂಡೆ. ಆಮೇಲೆ ಡ್ರೈವರನ ಕಣ್ಣಲ್ಲೂ ಬಂತು. ಟ್ಯೂಬು ಕಳಚಿ ಬ್ಲೋವರಿನ ಬಾಯಿ ಹಿಂದಕ್ಕೆ ತಿರುಗಿತ್ತು. ಗಿರಣಿ ಕೂಡಿಟ್ಟಿದ್ದ ಖಾರವೆಲ್ಲ ಬಸ್ಸಿನೊಳಗೆ ದಯಮಾಡಿಸುತ್ತಿತ್ತು. ಬಸ್ಸು ನಿಂತಿತು. ನಾವೆಲ್ಲ ಸೀನುತ್ತ ಇಳಿದೆವು. ಮುಂದೆ ಗಾಡಿಯೂ ನಿಂತಿತ್ತು, ಎಂಜಿನ್ ಮಾತ್ರ ನಿಂತಿರಲಿಲ್ಲ.

“ಸಾಹೇಬ್ರ, ಬಂದ್ ಮಾಡ್ರಿ ಅದನ್ನ,” ಎಂದ ಕಂಡಕ್ಟರ್.

“ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ರಿ,” ಎಂದ ಅಣ್ಣ.

“ಹಂಗಾರ ಎಲ್ಲಾರೂ ಕೈ ಹಚ್ಚರಿ. ಮದಲ ಇದನ್ನ ಆ ಕಡೆ ದಾಟಸೂಣು. ಅಕ್ಕಾರ, ನೀವರೆ ಇಳೀರಿ, ಹಗುರ ಆಗತದ.”

ಅಣ್ಣ ಹೊರಳಿ ವೈನಿಯ ಮುಖ ನೋಡಿದ, ಶಿಕ್ಷೆ ಕೇಳಲು ನಿಂತವನಂತೆ. ವೈನಿ ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ನಾ ಇಳಿಯೂದಿಲ್ರಿ. ಇದು ನಮ್ಮ ಮನೀ ವಿಷಯ.”

ಮೂಗಿಗೆ ಟವೆಲು ಕಟ್ಟಿಕೊಂಡ ಪ್ರಯಾಣಿಕರು ಗಾಡಿಯ ಎರಡೂ ಬದಿ ಹಿಡಿದು ಅವಳನ್ನು ಉತ್ಸವಮೂರ್ತಿಯಂತೆ ಮೇಲೆ ಮುಟ್ಟಿಸಿದರು.

“ನಾ ಇಳದ್ನೇನೋ?” ಎಂದು ನನ್ನನ್ನು ಕೇಳಿದಳು.

“ಇಲ್ರಿ ವೈನಿ,” ಎಂದು ಸಾಕ್ಷಿ ಹೇಳಿ ಸೀನಿದೆ.

ಬಸ್ಸಿನ ಮಾತು ಅವಳು ಮತ್ತೆ ಎತ್ತಲಿಲ್ಲ, ಎತ್ತಿದ್ದರೂ ಉಪಯೋಗವಿರಲಿಲ್ಲ. ಆ ದಾರಿಗೆ ನಾನೊಬ್ಬನೇ ಹೊರಟರೂ ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತು, ಅಣ್ಣನ ಗಾಡಿ ಬರುತ್ತದೇನೋ ಎಂದು ರಸ್ತೆಯ ತುದಿಯವರೆಗೆ ಕಣ್ಣು ಹಾಯಿಸಿ ಕೇಳುತ್ತಿದ್ದ:

“ನಿಮ್ಮ ವೈನ್ಯಾರು ಇವತ್ತ ಮನ್ಯಾಗ ಅದಾರಲ್ರಿ?”